ಬೇವಿನ ಮರದ ಪಾಚಿ ಒಣಗಿದ ಬೇಸಿಗೆ

ಆಂಧ್ರದ ಗಡಿಯ ನಮ್ಮ ಆದೋನಿ ಕಡೆ ಮರದ ಮೇಲೆ ಪಾಚಿ ನೋಡಬೇಕೆಂದರೆ ಮಳೆಗಾಲದಲ್ಲೇ ಹುಡುಕಬೇಕು. ಬೇಸಿಗೆಯಲ್ಲಂತೂ ತೊಗಟೆ ಮುಟ್ಟಿದರೆ ಕೈ ಸುಡುತ್ತದೆ. ಆದರೆ ನಮ್ಮೂರು ಪೆದ್ದಹರಿವಾಣಂನಲ್ಲಿ ನಮ್ಮ ಹೊಲದ ಬದುವಿನ ಬೇವಿನ ಮರಕ್ಕೆ ವರ್ಷವಿಡೀ ಪಾಚಿ ಇರುತ್ತಿತ್ತು. ಉತ್ತರದ ಮಗ್ಗುಲಿಗೆ ಮಾತ್ರ, ಸೊಂಟದೆತ್ತರದಿಂದ ಬುಡದವರೆಗೆ, ಒಂದು ಗೇಣು ಅಗಲ. ಕಾರಣ ಸರಳ. ವರ್ಷದ ಬಹುಪಾಲು ಆ ಕಡೆ ಬಿಸಿಲು ಕಡಿಮೆ. ಜೊತೆಗೆ ಅವ್ವ ದಿನಾ ಬೆಳಿಗ್ಗೆ ಬುಡದಲ್ಲಿದ್ದ ಎಲ್ಲಮ್ಮನ ಕಲ್ಲಿಗೆ ಕೈಮುಗಿದು, ಅಲ್ಲೇ ನಿಂತು ಕಾಂಡದ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಿದ್ದಳು. ನಾನು ಆದೋನಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವನು. ಪಾಚಿಗೆ ನಿಜವಾದ ಬೇರಿಲ್ಲ, ಅದು ಮೈಯಿಂದಲೇ ನೀರು ಕುಡಿಯುತ್ತದೆ ಎಂದು ಪ್ರತಿವರ್ಷ ತೆಲುಗಿನಲ್ಲಿ ಪಾಠ ಮಾಡುತ್ತೇನೆ.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವ್ವ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಗೆ ಬಂದವಳು ಮೊದಲು ಎತ್ತಿದ್ದು ನೀರಿನ ಮಾತು.

“ನನ್ನ ಹೆಸರಿಲೆ ನೀ ದಿನಾ ಒಂದ್ ತಂಬಿಗಿ ಹಾಕು. ನೀರು ತಪ್ಪಲಿಲ್ಲಂದ್ರ ಎಲ್ಲಮ್ಮ ನನ್ನ ಎಬ್ಬಸ್ತಾಳ.”

ಒಂದು ವಾರ ಹಾಕಿದೆ. ಆಮೇಲೆ ಪರೀಕ್ಷೆ, ಬಸ್ಸಿನ ಗಡಿಬಿಡಿ, ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮೈಗಳ್ಳತನ. ತಂಬಿಗೆ ತುಂಬಿಕೊಂಡು ಅವಳ ಕಣ್ಣೆದುರೇ ಹೊರಡುತ್ತಿದ್ದೆ. ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದು ಒಳಗೆ ಬರುತ್ತಿದ್ದೆ.

“ಹಾಕಿದೇನಪ್ಪ?”

“ಹಾಕಿದೆ ಅವ್ವಾ.”

ಇಷ್ಟು ಕೇಳಿದ ಮೇಲೆಯೇ ಅವಳು ಮಂಚ ಹಿಡಿದು ಏಳುವ ಅಭ್ಯಾಸ ಶುರುಮಾಡುತ್ತಿದ್ದಳು. ನೋವಿಗೆ ಹಲ್ಲು ಕಚ್ಚುತ್ತಿದ್ದಳು, ಒಂದು ದಿನವೂ ಬಿಡಲಿಲ್ಲ. ನನ್ನ ಸುಳ್ಳಿನಿಂದ ಅವಳಿಗೆ ಒಳ್ಳೆಯದೇ ಆಗುತ್ತಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರು ತಿಂಗಳಿಗೆ ಕೋಲೂರಿ ನಡೆದಳು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಹೊಲಕ್ಕೆ ಹೊರಟಳು. ನೀರಿನ ತಂಬಿಗೆ ನನ್ನ ಇನ್ನೊಂದು ಕೈಯಲ್ಲಿ. ಎಲ್ಲಮ್ಮ ಎಬ್ಬಿಸಿದಳು ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾ ಬಂದಳು.

ಮರದ ಪಾಚಿ ಚಹಾಪುಡಿಯಂತೆ ಕಂದು ಬಣ್ಣಕ್ಕೆ ತಿರುಗಿ ಸುರುಟಿಕೊಂಡಿತ್ತು. ಇಷ್ಟು ವರ್ಷ ಪಾಠ ಹೇಳಿದವನಿಗೆ ಇದು ಮೊದಲೇ ಹೊಳೆಯಬಾರದಿತ್ತೇ? ಅವ್ವ ಬೆರಳಿನಿಂದ ಮುಟ್ಟಿದಳು. ಪಾಚಿಯ ತುದಿ ಪುಡಿಯಾಗಿ ಉದುರಿತು.

“ನಿಜಂಗ ಹೇಳು. ಎಷ್ಟು ದಿನ ಹಾಕೀದಿ?”

ಬಿಸಿಲು ಜಾಸ್ತಿ ಎನ್ನಬಹುದಿತ್ತು. ಎನ್ನಲಿಲ್ಲ. “ಒಂದ್ ವಾರ,” ಎಂದೆ. ತುಂಬ ನಾಚಿಕೆಯಾಯಿತು.

ಅವಳು ತಂಬಿಗೆ ಇಸಿದುಕೊಂಡು ನೀರು ಸುರಿದಳು. ಕೆಲವೇ ನಿಮಿಷಗಳಲ್ಲಿ ಪಾಚಿ ಅಲ್ಲಲ್ಲಿ ಮೈ ಬಿಚ್ಚಿ ಹಸಿರಾಗತೊಡಗಿತು.

“ಸತ್ತಿಲ್ಲವ್ವಾ, ಒಣಗಿತ್ತಷ್ಟ,” ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ತನ್ನ ಕಾಲನ್ನೇ ನೋಡುತ್ತಿದ್ದಳು.

“ಹಂಗಾದ್ರ ಎಲ್ಲಮ್ಮ ಎಬ್ಬಸಿಲ್ಲ,” ಎಂದಳು. ಕೋಲನ್ನು ನೆಲಕ್ಕೂರಿ ನೆಟ್ಟಗೆ ನಿಂತು, “ನಾನ ಎದ್ದೀನಿ.”

ವಾಪಸು ಹೊರಡುವಾಗ ಹಿಡಿದುಕೊಳ್ಳಲೆಂದು ಕೈ ಚಾಚಿದೆ. ಖಾಲಿ ತಂಬಿಗೆಯನ್ನು ಆ ಕೈಗೆ ಕೊಟ್ಟು, ಕೋಲೂರಿಕೊಂಡು ಒಬ್ಬಳೇ ಮುಂದೆ ನಡೆದಳು.