ಅಪ್ಪನ ಪಕ್ಷ ಮತ್ತು ತ್ರೀ ಫೇಜ್ ಕರೆಂಟು

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಗಿ ಒಂದು ವರ್ಷ ಕಳೆದಿತ್ತು. ಆ ವರ್ಷದ ಪಕ್ಷಮಾಸದಲ್ಲಿ, ತೀರಿಕೊಂಡ ಹಿರಿಯರ ಶ್ರಾದ್ಧ ಮಾಡುವ ದಿನಗಳಲ್ಲಿ, ನಡೆದ ಸಂಗತಿ ಇದು.

ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕೂಡಿ ಪೇಪರ್ ಓದಿ, ಸರ್ಕಾರ ಏನೇನು ಮಾಡಬೇಕು ಎಂದು ತೀರ್ಮಾನ ಮಾಡುತ್ತೇವೆ. ಸರ್ಕಾರಕ್ಕೆ ಇದು ಇನ್ನೂ ಗೊತ್ತಾಗಿಲ್ಲ. ನನ್ನ ಅಭಿಪ್ರಾಯಗಳು ಅಲ್ಲಿ ಎಲ್ಲರಿಗೂ ಬಾಯಿಪಾಠ. ಟಂಟಂ ಆಟೋಗಳಲ್ಲಿ ಮಂದಿಯನ್ನು ಕುರಿ ತುಂಬಿದ ಹಾಗೆ ತುಂಬುವುದು ಬಂದ್ ಆಗಬೇಕು. ಪುಕ್ಕಟೆ ಬಸ್ಸು ಬೇಕಾದರೆ ಕೊಡಲಿ, ಆದರೆ ಬಸ್ಸುಗಳನ್ನೂ ಹೆಚ್ಚು ಬಿಡಲಿ. ರೈತರ ಪಂಪ್‌ಸೆಟ್ಟಿಗೆ ಮೀಟರ್ ಕೂಡಿಸಬೇಕು. ಪೆಟ್ರೋಲ್ ಗಾಡಿ ಬಿಟ್ಟು ಎಲ್ಲರೂ ಕರೆಂಟಿನ ಗಾಡಿಗೆ ಬರಬೇಕು. ಈ ಕೊನೆಯದನ್ನು ಎಷ್ಟು ಸಲ ಹೇಳಿದೆನೆಂದರೆ ಒಂದು ದಿನ ಗೆಳೆಯರು, "ಸರ್, ಮೊದಲ ನೀವು ತೊಗೊಂಡು ತೋರಸ್ರಿ" ಅಂದುಬಿಟ್ಟರು. ಮಾತಿಗೆ ಸಿಕ್ಕಿಬಿದ್ದು ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ.

ನಮ್ಮದು ಹಳೆಯ ಮನೆ. ಆ ಗಾಡಿಯ ಚಾರ್ಜರ್ ತಡೆಯುವಂಥ ದೊಡ್ಡ ಪ್ಲಗ್ಗು ಇರುವುದು ಅಡಿಗೆ ಮನೆಯಲ್ಲಿ ಮಾತ್ರ. ಹಾಗಾಗಿ ವಾಯರನ್ನು ಅಡಿಗೆ ಮನೆಯ ಕಿಟಕಿಯಿಂದ ಹಿತ್ತಲಿಗೆ ಎಳೆದು ಚಾರ್ಜ್ ಹಚ್ಚುತ್ತಿದ್ದೆ. ಎಪ್ಪತ್ತು ದಾಟಿದ ನಮ್ಮ ಅವ್ವನಿಗೆ ಅದು ಮೊದಲ ದಿನದಿಂದಲೂ ಸೇರಿರಲಿಲ್ಲ. ಒಲೆಯ ಮುಂದೆ ರಸ್ತೆಯ ಧೂಳು ತಿಂದ ಗಾಡಿಯ ವಾಯರ್ ಬಿದ್ದಿರುತ್ತದಲ್ಲ ಎಂಬುದು ಅವಳ ತಕರಾರು.

ಅಪ್ಪನ ಪಕ್ಷದ ದಿನ ಬಂತು. ಪಕ್ಷಮಾಸದಲ್ಲಿ ಆಚಾರ್ಯರು ಸಿಗುವುದು ಅಂದರೆ ಮದುವೆ ಸೀಜನ್ನಿನಲ್ಲಿ ಛತ್ರ ಸಿಕ್ಕ ಹಾಗೆ. ನಮ್ಮ ಮನೆಗೆ ಪ್ರತಿವರ್ಷ ಬರುವವರು ಬಸವನ ಬಾಗೇವಾಡಿಗೆ ಒಪ್ಪಿಕೊಂಡಿದ್ದರು. ಕನ್ನೊಳ್ಳಿಯ ಆಚೆಗಿನ ಒಂದು ಹಳ್ಳಿಯಲ್ಲಿ ಭೀಮಸೇನಾಚಾರ್ಯರು ಎಂಬ ಹಿರಿಯರಿದ್ದರು. "ಬರ್ತೀನಿ, ಆದರ ಈ ಬಸ್ಸಿನ ಗದ್ದಲದಾಗ ನನ್ನ ಕೈಲೆ ಆಗಂಗಿಲ್ಲ. ನೀವ ಬಂದು ಕರಕೊಂಡು ಹೋಗ್ರಿ" ಎಂದಿದ್ದರು.

ಹಿಂದಿನ ದಿನ ಸಂಜೆಯೇ ಚಾರ್ಜ್ ಹಚ್ಚಿದ್ದೆ. ಬೆಳಿಗ್ಗೆ ಗಾಡಿ ನೋಡಿದರೆ ಬ್ಯಾಟರಿ ಅರ್ಧವೂ ಇಲ್ಲ. ಅವ್ವ ಆಗಲೇ ಸ್ನಾನ ಮಾಡಿ ಮಡಿಯುಟ್ಟು ಒಲೆಯ ಮುಂದೆ ಇದ್ದಳು. ಹೊಸ್ತಿಲಾಚೆ ನಿಂತು ಕೇಳಿದೆ.

"ಅವ್ವಾ, ವಾಯರ್ ನೀ ತಗದ್ಯಾ?"

"ಹೂಂ. ಪಕ್ಷದ ಅಡಗಿ ಆಗೋ ಜಾಗಾದಾಗ ಹಾವಿನ್ಹಂಗ ಬಿದ್ದಿತ್ತು. ಮಡಿ ಸೀರಿಗೆ ತಾಕ್ತದಂತ ನಿನ್ನೆ ಸಂಜಿನ ಕಿತ್ತಿಟ್ಟೆ."

"ಒಂದು ಮಾತು ಹೇಳಬಾರದಾ?"

"ನೀ ಕೇಳಿದ್ಯಾ?"

ಕಂಪನಿಯವರು ಹೇಳಿದ ಲೆಕ್ಕದ ಪ್ರಕಾರ ಇದ್ದ ಚಾರ್ಜು ಹೋಗಿಬರಲು ಸಾಕಾಗಬೇಕಿತ್ತು. ಧೈರ್ಯ ಮಾಡಿ ಹೊರಟೆ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಬರುವಾಗ ಹಿಂದೆ ಆಚಾರ್ಯರು, ಅವರ ಚೀಲ, ಎದುರು ಗಾಳಿ. ಕಂಪನಿಯ ಲೆಕ್ಕದಲ್ಲಿ ಆಚಾರ್ಯರು ಇರಲಿಲ್ಲ ಅಂತ ಕಾಣುತ್ತದೆ. ಕನ್ನೊಳ್ಳಿ ಸಮೀಪ ಒಂದು ನಿಂಬೆ ತೋಟದ ಮುಂದೆ ಗಾಡಿ ಸದ್ದಿಲ್ಲದೆ ನಿಂತಿತು. ಪೆಟ್ರೋಲ್ ಗಾಡಿಯಾದರೆ ಕೆಮ್ಮಿ, ಕನವರಿಸಿ, ಸೂಚನೆ ಕೊಟ್ಟು ನಿಲ್ಲುತ್ತದೆ. ಇದಕ್ಕೆ ಅಷ್ಟು ಸೌಜನ್ಯವೂ ಇಲ್ಲ.

ಇಬ್ಬರೂ ರಸ್ತೆಗೆ ಬಂದು ನಿಂತೆವು. ಒಂದು ಬಸ್ಸು ಬಂತು, ಬಾಗಿಲಲ್ಲೇ ಮಂದಿ ಜೋತುಬಿದ್ದಿದ್ದರು, ನಿಲ್ಲಲಿಲ್ಲ. ಒಂದು ಟಂಟಂ ಬಂತು. ಅದು ನಿಂತಿತು, ಆದರೆ ಕಾಲಿಡಲು ಜಾಗವಿರಲಿಲ್ಲ. ಮನೆಗೆ ಫೋನ್ ಮಾಡಿದೆ, ಹೆಂಡತಿಯೂ ಮಡಿಯಲ್ಲಿದ್ದಳು, ಯಾರೂ ಎತ್ತಲಿಲ್ಲ. ಗೆಳೆಯರಿಗೆ ಮಾಡಿದೆ, ಎಲ್ಲರೂ ಕೆಲಸಕ್ಕೆ ಹೋಗಿದ್ದರು.

ನನಗೆ ಅಪ್ಪನಿಗಿಂತ ಹೆಚ್ಚು ಅವ್ವನದೇ ಚಿಂತೆ ಹತ್ತಿತು. ಅವಳಿಗೆ ಸಕ್ಕರೆ ಬೇನೆ. ನಸುಕಿನಿಂದ ಉಪವಾಸ ಅಡಿಗೆ ಮಾಡುತ್ತಿದ್ದಳು. ಕಾರ್ಯ ಮುಗಿದು ಆಚಾರ್ಯರು ಉಣ್ಣುವವರೆಗೆ ಒಂದು ಹನಿ ಹಾಲೂ ಮುಟ್ಟುವವಳಲ್ಲ, ಗುಳಿಗೆಯನ್ನೂ ತಗೊಳ್ಳುವವಳಲ್ಲ. ಹಿಂದೊಮ್ಮೆ ಹೀಗೇ ತಡವಾಗಿ, ಕಣ್ಣಿಗೆ ಕತ್ತಲೆ ಬಂದು ಬಚ್ಚಲ ಮನೆಯಲ್ಲಿ ಬಿದ್ದಿದ್ದಳು. ಆಚಾರ್ಯರಿಗೆ ಇದನ್ನು ಹೇಳಿದೆ. ಅವರು ಬಿಸಿಲಿಗೆ ತಲೆಯ ಮೇಲೆ ಶಲ್ಯ ಹಾಕಿಕೊಂಡು, "ತಿಥಿ ಸಂಜಿತನಕ ಅದ. ನಿಮ್ಮ ತಾಯಿ ಅಲ್ಲಿತನಕ ತಡೀಬೇಕಲ್ಲ" ಎಂದರು.

ತೋಟದ ಬದುವಿನ ಮೇಲೆ ಒಬ್ಬ ರೈತ ನಿಂತಿದ್ದ. ನನ್ನಷ್ಟೇ ವಯಸ್ಸು. ಕರೆಂಟು ಬರುವುದನ್ನು ಕಾಯುತ್ತ ಪಂಪ್‌ಸೆಟ್ಟಿನ ಡಬ್ಬಿಯ ಕಡೆ ನೋಡುತ್ತಿದ್ದ. ಅವನ ಹೆಸರು ಸಿದಗೊಂಡ ಎಂದು ಆಮೇಲೆ ತಿಳಿಯಿತು. ನಾನು ಹೋಗಿ, "ಸ್ವಲ್ಪ ಚಾರ್ಜ್ ಹಚ್ಚಕೋಬಹುದೇನ್ರಿ?" ಎಂದು ಕೇಳಿದೆ.

"ಹಚ್ಚರಿ, ಯಾರ್ ಬ್ಯಾಡಂತಾರ? ಆದ್ರ ಕರೆಂಟ್ ಎಲ್ಲೈತ್ರಿ?" ಎಂದು ನಕ್ಕ. "ಈ ವಾರ ನಮಗ ಹಗಲ ಪಾಳಿ. ಇನ್ನೊಂದೀಟ ಹೊತ್ತಿಗಿ ತ್ರೀ ಫೇಜ್ ಬರತೈತಿ ಅಂತ ಲೈನ್‌ಮನ್ ಹೇಳ್ಯಾನ. ಮೂರ್ನಾಕ ದಿನ ಆತು, ವೋಲ್ಟೇಜ್ ಇಲ್ದ ಮೋಟಾರ ಎತ್ತವಲ್ದು. ನೀರ ಕಾಣದ ಲಿಂಬಿ ಹೀಚ ಎಲ್ಲಾ ಉದರಾಕತ್ತಾವ."

ಗಿಡದ ಕೆಳಗೆ ನೋಡಿದೆ. ಗೋಲಿಯಷ್ಟು ಗಾತ್ರದ ಹಸಿರು ಕಾಯಿಗಳು ಅಲ್ಲಲ್ಲಿ ಬಿದ್ದಿದ್ದವು.

"ಕರೆಂಟ್ ಬಂದರೂ ಇದು ತುಂಬಾಕ ತಾಸುಗಟ್ಟಲೆ ಬೇಕು" ಎಂದೆ. ಇಬ್ಬರಿಗೂ ಅವನು ನೀರು ಕೊಡಲು ಬಂದ. ಕುಡಿಯಲಾರೆವು, ಇವತ್ತು ಉಪವಾಸ ಎಂದು ಆಚಾರ್ಯರು ಹೇಳಿದರು.

"ಏನೈತ್ರಿ ಇವತ್ತ?"

"ನಮ್ಮಪ್ಪಂದು ಪಕ್ಷ" ಎಂದೆ. ಅವ್ವ ಉಪವಾಸ ಕೂತಿರುವುದನ್ನೂ, ಸಕ್ಕರೆ ಬೇನೆಯನ್ನೂ ಹೇಳಿದೆ.

ಸಿದಗೊಂಡ ಒಂದು ಸಲ ಕರೆಂಟಿನ ಕಂಬ ನೋಡಿದ. ಒಂದು ಸಲ ಆಚಾರ್ಯರ ಮುಖ ನೋಡಿದ. ಆಮೇಲೆ ಗುಡಿಸಲಿನ ಹಿಂದೆ ಹೋಗಿ ಟ್ರ್ಯಾಕ್ಟರ್ ಚಾಲೂ ಮಾಡಿಕೊಂಡು ಬಂದ. ನಾವಿಬ್ಬರೂ ಕೂಡಿ ಸ್ಕೂಟರನ್ನು ಟ್ರೇಲರಿಗೆ ಎತ್ತಿ ಹಗ್ಗ ಬಿಗಿದೆವು. ಆಚಾರ್ಯರನ್ನು ಅವನು ತನ್ನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂಡಿಸಿಕೊಂಡ. ನಾನು ಟ್ರೇಲರಿನಲ್ಲಿ ಗಾಡಿ ಹಿಡಿದು ಮುಂದಿನ ತುದಿಗೆ ನಿಂತೆ. ಟ್ರ್ಯಾಕ್ಟರಿನಲ್ಲಿ ಮಂದಿಯನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ಇದರ ಮೇಲೂ ನಾನು ಚಹಾದಂಗಡಿಯಲ್ಲಿ ಮಾತಾಡಿದ್ದುಂಟು.

ಸ್ವಲ್ಪ ದೂರ ಹೋಗಿರಬೇಕು. ರಸ್ತೆ ಪಕ್ಕದ ಒಂದು ಹೊಲದಲ್ಲಿ ಮೋಟಾರ್ ಚಾಲೂ ಆಗಿ, ಪೈಪಿನಿಂದ ನೀರು ಚಿಮ್ಮಿತು. ಆಮೇಲೆ ಇನ್ನೊಂದು ಹೊಲದಲ್ಲಿ. ಸಿದಗೊಂಡ ಅತ್ತ ತಿರುಗಿ ನೋಡಿ, "ಕರೆಂಟ್ ಬಂತು" ಅಂದ. ಅಷ್ಟೇ. ಟ್ರ್ಯಾಕ್ಟರ್ ನಿಲ್ಲಿಸಲಿಲ್ಲ.

ನಾನು ಟ್ರೇಲರಿನಿಂದ ಕೂಗಿದೆ. "ಸಿದಗೊಂಡಪ್ಪಾ, ಹೊಳ್ಳಿ ಹೋಗೂಣು. ಮೊದಲ ನಿಮ್ಮ ಮೋಟಾರ್ ಹಚ್ಚಿ ಬರ್ರಿ."

ನಿಜ ಹೇಳುತ್ತೇನೆ, ಅವನು ತಿರುಗಿಸದಿರಲಿ ಎಂದೇ ಮನಸ್ಸಿನಲ್ಲಿ ಇತ್ತು.

ಅವನು ಹಿಂದೆ ನೋಡದೆಯೇ ಕೂಗಿ ಹೇಳಿದ. "ಕರೆಂಟ್ ನಾಳಿಗೂ ಬರತೈತ್ರಿ. ನಿಮ್ಮಪ್ಪ ವರ್ಷಕ್ಕೊಮ್ಮಿ ಬರಾವ್ರು. ಕಾಯಸಬಾರ್ದು."

ಆಚಾರ್ಯರು ತಿರುಗಿ ನನ್ನನ್ನು ನೋಡಿದರು. ನಾನು ಗಾಡಿಯ ಹಗ್ಗ ಬಿಗಿಹಿಡಿದೆ.

ಸಿಂದಗಿ ಊರೊಳಗೆ ನಮ್ಮ ಮನೆಗೆ ಹೋಗುವ ದಾರಿ ಆ ಚಹಾದಂಗಡಿಯ ಮುಂದೆಯೇ ಹಾದುಹೋಗುತ್ತದೆ. ಹಗ್ಗ ಬಿಗಿದ ಗಾಡಿಯನ್ನೂ, ಅದನ್ನು ತಬ್ಬಿಕೊಂಡು ನಿಂತ ನನ್ನನ್ನೂ ಅಂಗಡಿಯ ಮಾಲೀಕ ಕಣ್ತುಂಬ ನೋಡಿದ. "ಸರ್, ಡೀಸೆಲ್ ಮ್ಯಾಲ ಎಷ್ಟ ಮೈಲೇಜ್ ಕೊಡ್ತೈತ್ರಿ ಅದು?" ಎಂದು ಕೂಗಿದ. ಬೇರೆ ದಿನವಾಗಿದ್ದರೆ ನಾನೂ ಒಂದು ಮಾತು ತಿರುಗಿಸಿ ಕೊಡುತ್ತಿದ್ದೆ.

ಮನೆ ಮುಟ್ಟಿದಾಗ ಅವ್ವ ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು, ಆದರೆ ನಿಂತಿದ್ದಳು. ನನಗೆ ಅಷ್ಟು ಸಾಕಾಗಿತ್ತು. ಆಚಾರ್ಯರು ಸ್ನಾನಕ್ಕೆ ಹೋದರು. ನಾನು ಸಿದಗೊಂಡನಿಗೆ ಕೂಡಲು ಹೇಳಿ, ನಡೆದದ್ದನ್ನು ಅವ್ವನಿಗೆ ಹೇಳಿದೆ.

ಅವ್ವ ಫಜೀತಿಗೆ ಬಿದ್ದಳು. ಮನೆಗೆ ಬಂದವರನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಿದವಳಲ್ಲ. ಆದರೆ ಅವತ್ತು ಒಲೆಯ ಮೇಲೆ ಇದ್ದದ್ದೆಲ್ಲ ಪಕ್ಷದ ಅಡಿಗೆ. ಕಾರ್ಯ ಆಗುವ ಮೊದಲು ಅದನ್ನು ಯಾರಿಗೂ ಬಡಿಸುವಂತಿಲ್ಲ. ಚಹಾಕ್ಕೂ ಬೇರೆ ಒಲೆ ಹೊತ್ತಿಸಿರಲಿಲ್ಲ. "ಕಾರ್ಯ ಆಗೋತನಕ ಕೂಡಂತ ಹೇಳೋ" ಎಂದಳು.

ಸಿದಗೊಂಡ ಹೊರಗಿನಿಂದಲೇ, "ಇಲ್ಲವ್ವಾ, ಕರೆಂಟ್ ಇನ್ನೊಂದೀಟ ಇರತೈತಿ. ಸಿಕ್ಕಷ್ಟ ಸಿಗಲಿ" ಎಂದು ಎದ್ದ. ಒಂದು ತಂಬಿಗೆ ನೀರು ಕುಡಿದ. ಡೀಸೆಲ್ಲಿಗೆಂದು ಏನಾದರೂ ಕೊಡಲು ಹೋದರೆ ಕೈಮುಗಿದು, "ಇಂಥಾ ದಿನ ಬ್ಯಾಡ್ರಿ" ಎಂದು ಹೋಗಿಬಿಟ್ಟ.

ಕಾರ್ಯ ಸಾಂಗವಾಗಿ ಆಯಿತು. ಆಚಾರ್ಯರು ಉಂಡರು, ಅವರನ್ನು ಬಾಡಿಗೆ ಕಾರಿನಲ್ಲಿ ಊರಿಗೆ ಕಳಿಸಿದೆ. ಆಮೇಲೆ ಅವ್ವ ಉಂಡು, ಗುಳಿಗೆ ತಗೊಂಡು ಮಲಗಿದಳು. ಸಂಜೆ ಹಿತ್ತಲಿಗೆ ಹೋದೆ. ಅಡಿಗೆ ಮನೆಯ ಕಿಟಕಿಯಿಂದ ವಾಯರ್ ಹೊರಗೆ ಬಂದಿತ್ತು. ಗಾಡಿಯ ಚಾರ್ಜಿನ ದೀಪ ಉರಿಯುತ್ತಿತ್ತು. ಅದನ್ನು ಹಚ್ಚುವುದು ಅವ್ವನಿಗೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

"ಪಕ್ಷದ ಅಡಗಿ ಹೊರಗ ಕೊಟ್ಟು ಕಳಸೂಹಂಗಿಲ್ಲ" ಎಂದಳು ಅವ್ವ ಒಳಗಿನಿಂದ. "ನಾಳಿ ಬ್ಯಾರೆ ಹೋಳಿಗಿ ಮಾಡ್ತೀನಿ. ನೀ ಒಯ್ದು ಕೊಟ್ಟು ಬಾ. ಗಾಡಿ ಮತ್ತ ನಡುವ ನಿಂತೀತು, ಚಾರ್ಜ್ ಹಚ್ಚೀನಿ."

ಮರುದಿನ ಬುತ್ತಿ ಕಟ್ಟಿಕೊಂಡು ಹೋದೆ. ಸಿದಗೊಂಡ ಅದೇ ಬದುವಿನ ಮೇಲೆ ಇದ್ದ. ನಿನ್ನೆ ಮೋಟಾರ್ ಎಷ್ಟು ಹೊತ್ತು ನಡೆಯಿತು ಎಂದು ಕೇಳಿದೆ.

"ನಾ ಬಂದು ಬಟನ್ ಒತ್ತಿದ್ನಿ, ಕರೆಂಟ್ ಹೋತು" ಎಂದ. ಇವತ್ತು ಹೇಗೆ ಎಂದು ಕೇಳಿದೆ. "ಇವತ್ತ ಎಲ್ಲಿ ಬರತೈತ್ರಿ, ಕಂಬದ ಮ್ಯಾಲಿನ ಟಿಸಿನ ಸುಟ್ಟೈತಿ. ಎಲ್ಲಾರೂ ಒಮ್ಮಿಗೇ ಮೋಟಾರ ಹಚ್ಚಿದ್ರಲ್ಲ ನಿನ್ನೆ. ಹೊಸಾದು ಯಾವಾಗ ಕೂಡಸ್ತಾರೋ ದೇವ್ರಿಗೇ ಗೊತ್ತು."

ಇದನ್ನು ಅವನು ಹವೆಯ ಸುದ್ದಿ ಹೇಳುವ ಹಾಗೆ ಹೇಳಿದ. ಗಿಡಗಳ ಬುಡದಲ್ಲಿ ನಿನ್ನೆಗಿಂತ ಹೆಚ್ಚು ಹೀಚು ಬಿದ್ದಿದ್ದವು. "ನನ್ನಿಂದ ಆತು" ಎಂದೆ.

"ಏ, ಬಿಡ್ರಿ. ಅವ್ವಾರು ಹೆಂಗದಾರ?" ಎಂದು ಕೇಳಿ, ಅಲ್ಲೇ ಕೂತು ಹೋಳಿಗೆ ಉಂಡ. ಏಳುವಾಗ ನನ್ನ ಚೀಲದ ತುಂಬ ಉದುರಿದ ಕಾಯಿಗಳಲ್ಲೇ ಸ್ವಲ್ಪ ದೊಡ್ಡವನ್ನು ಆರಿಸಿ ತುಂಬಿದ. "ಉಪ್ಪಿನಕಾಯಿ ಹಾಕಾಕ ಬರ್ತಾವು. ಅವ್ವಾರಿಗಿ ಕೊಡ್ರಿ" ಎಂದ. ಹೊಸ ಟ್ರಾನ್ಸ್‌ಫಾರ್ಮರ್ ಬರಲು ವಾರ ಕಳೆಯಿತಂತೆ. ಆ ವರ್ಷ ಅವನ ತೋಟದಲ್ಲಿ ಕಾಯಿ ಅರ್ಧಕ್ಕರ್ಧ ಹೋಯಿತು.

ಪಂಪ್‌ಸೆಟ್ಟಿಗೆ ಮೀಟರ್ ಕೂಡಿಸಬೇಕು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಅರ್ಥಶಾಸ್ತ್ರ ಹೇಳುವವನಿಗೆ ಒಂದು ಉಪಕಾರಕ್ಕೆ ಪಾಠ ಬದಲಿಸಲು ಬರುವುದಿಲ್ಲ. ಈಗಲೂ ಚಹಾದಂಗಡಿಯಲ್ಲಿ ಅದನ್ನೇ ಹೇಳುತ್ತೇನೆ. ಆದರೆ ಮೊದಲಿನ ಹಾಗೆ ಮೇಜು ಗುದ್ದಿ ಹೇಳಲು ಆಗುವುದಿಲ್ಲ. ಮೊದಲು ಕರೆಂಟನ್ನು ಹೇಳಿದ ಹೊತ್ತಿಗೆ ಕೊಡಲಿ, ಆಮೇಲೆ ಮೀಟರ್ ಎಂದು ಸೇರಿಸುತ್ತೇನೆ. ಗೆಳೆಯರು, "ಸರ್, ನಿಮ್ಮ ಬ್ಯಾಟರಿ ಇಳದೈತಿ" ಎಂದು ನಗುತ್ತಾರೆ.

ಹೋದ ವರ್ಷ ಮತ್ತೆ ಅಪ್ಪನ ಪಕ್ಷ ಬಂತು. ಮತ್ತೆ ಭೀಮಸೇನಾಚಾರ್ಯರನ್ನೇ ಕರೆದಿದ್ದೆವು, ಈ ಸಲ ಕಾರು ಹೇಳಿದ್ದೆ. ಬೆಳಿಗ್ಗೆ ಹೊರಡುವ ಮೊದಲು ಹೊಸ್ತಿಲಾಚೆ ನಿಂತು, "ಅವ್ವಾ, ಏನರ ತರೂದದ ಏನು?" ಎಂದು ಕೇಳಿದೆ. ಎಳ್ಳೋ ದರ್ಭೆಯೋ ಹೇಳುತ್ತಾಳೆ ಎಂದುಕೊಂಡಿದ್ದೆ.

ಅವ್ವ ಒಲೆಯಿಂದ ಮುಖ ಎತ್ತದೆ ಕೇಳಿದಳು.

"ಸಿದಗೊಂಡನ ಕಡೆ ಇವತ್ತ ಕರೆಂಟ್ ಎಷ್ಟೊತ್ತಿಗೆ ಅದ, ಕೇಳೀಯೇನು?"