ಅಂಗೈ ಮೇಲಿನ ರೊಟ್ಟಿ

ಹೋದ ಭಾನುವಾರ ಸಿಂಗಪುರದ ಹೌಗಾಂಗ್‌ನಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ನಮ್ಮ ಕನ್ನಡ ಓದುಗರ ಕೂಟ ಸೇರಿತ್ತು. ಈ ಸಲ ಓದಿದ್ದು ಒಂದು ಹಳೇ ಇಂಗ್ಲಿಷ್ ಭಯಾನಕ ಕಾದಂಬರಿ. ಅದರಲ್ಲಿ ಹುಟ್ಟಿಸಿದವನೇ ಕೈಬಿಟ್ಟ ಕುರೂಪಿ ಜೀವಿಯೊಂದು ಬಡ ಸಂಸಾರವೊಂದರ ಗೋಡೆಯಾಚೆ ಅಡಗಿ, ಅವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತದೆ. ಅವರ ಜೊತೆ ಕೂರಬೇಕೆಂಬುದೇ ಅದರ ಆಸೆ. ಒಳಗೆ ಕಾಲಿಟ್ಟ ದಿನ ಹೊಡೆದು ಅಟ್ಟುತ್ತಾರೆ. ಆ ಭಾಗದ ಬಗ್ಗೆ ಮಾತಾಡುವ ಸರದಿ ನನ್ನದಾಗಿತ್ತು. “ತಮ್ಮ ಥರ ಇಲ್ಲ ಅಂತ ದೂರ ಇಡೋದು ಎಷ್ಟು ಕ್ರೂರ ಅಲ್ವಾ?” ಎಂದು ಕಣ್ಣೊರೆಸಿಕೊಂಡೆ. ನನ್ನ ಮಾತಿಗೆ ನಾನೇ ಮರುಳಾಗುವ ಚಟ ನನಗೆ ಮೊದಲಿನಿಂದಲೂ ಇದೆ.

ನಾನು ವಿಜಯಪುರದ ಕಡೆಯವಳು. ಈ ಕೂಟದಲ್ಲಿ ಯಾರಿಗೂ ಅದು ಗೊತ್ತಿಲ್ಲ. ರಾಫಲ್ಸ್ ಪ್ಲೇಸಿನ ಆಫೀಸಿಗೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಸಹೋದ್ಯೋಗಿಗಳು ನನ್ನ ಮಾತಿಗೆ ನಕ್ಕಿದ್ದರು. ಆಮೇಲೆ ಅವರದ್ದನ್ನೇ ಕೇಳಿ ಕೇಳಿ ನಾಲಿಗೆ ತಿದ್ದಿಕೊಂಡೆ. ಊರು ಕೇಳಿದರೆ ಬೆಂಗಳೂರು ಅಂದುಬಿಡುತ್ತೇನೆ.

ಅವತ್ತು ಕೂಟಕ್ಕೆ ಹೊಸಬರೊಬ್ಬರು ಬಂದಿದ್ದರು. ಗಂಡನಿಗೆ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿಯ ಕೆಲಸ. ಡಬ್ಬಿ ತುಂಬ ಜೋಳದ ರೊಟ್ಟಿ, ನಮ್ಮ ಕಡೆ ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ ತಂದಿದ್ದರು.

“ಭಾಳ ಛಲೋ ಮಾತಾಡಿದ್ರಿ ನೋಡ್ರಿ. ಯಾಕೋ ನಮ್ಮ ಕಡೆಯವ್ರು ಅನಿಸ್ತು. ಯಾವೂರ್ರೀ ನಿಮ್ದು?” ಎಂದು ನನ್ನನ್ನು ಎಲ್ಲರೆದುರೇ ಕೇಳಿದರು.

“ಬೆಂಗಳೂರು ಕಣ್ರೀ, ಪಕ್ಕಾ ಬೆಂಗಳೂರು,” ಅಂದೆ.

ಅವರು ಮೊಸರು ತರಲು ಅಡುಗೆಮನೆಗೆ ಹೋದರು. ಗೆಳತಿ “ಭಾಳ ಛಲೋ ನೋಡ್ರಿ” ಎಂದು ರಾಗ ಎಳೆದು ಅಣಕಿಸಿದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ತಿರುಗಿದರೆ ಅವರು ಮೊಸರಿನ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು ಒಬ್ಬೊಬ್ಬರಿಗೂ ರೊಟ್ಟಿ ಬಡಿಸಿದರು.

ಉಳಿದವರು ಚಪಾತಿಯ ಹಾಗೆ ತಟ್ಟೆಯಲ್ಲಿ ಹರಿದುಕೊಂಡು ತಿಂದರು. ನಾನು ಆಗಷ್ಟೇ ಫೋನಿಗೆ ಬಂದಿದ್ದ ಮಗಳ ಮೆಸೇಜಿನ ಗುಂಗಿನಲ್ಲಿದ್ದೆ. ಕಣ್ಣೆತ್ತಿದಾಗ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ತಟ್ಟೆ ಪಕ್ಕಕ್ಕೆ ಸರಿಸಿ, ರೊಟ್ಟಿಯನ್ನು ಎಡ ಅಂಗೈ ಮೇಲೆ ಹಾಸಿ, ನಡುವೆ ಹಿಂಡಿ, ಅದರ ಮೇಲೆ ಮೊಸರು ಹಾಕಿ, ಅಂಚಿನಿಂದ ಮುರಿದು ಅದ್ದಿ ತಿನ್ನುತ್ತಿದ್ದೆ. ನಮ್ಮವ್ವ ತಿನ್ನುವ ಹಾಗೇ. ಪಕ್ಕಾ ಬೆಂಗಳೂರಿನವರು ಹಾಗೆ ತಿಂದದ್ದನ್ನು ನಾನಂತೂ ಕಂಡಿಲ್ಲ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು, ಅಷ್ಟೂ ಜನರ ಮುಂದೆ ನನ್ನ ಮರ್ಯಾದೆ ಮೂರಾಬಟ್ಟೆ ಆಗುತ್ತಿತ್ತು. ಅನ್ನಲಿಲ್ಲ. ಇನ್ನಷ್ಟು ಹಿಂಡಿ ಬಡಿಸಿ ಮುಂದೆ ಹೋದರು.

ಹೊರಟಾಗ ಲಿಫ್ಟಿನಲ್ಲಿ ನಾವಿಬ್ಬರೇ. ಉಳಿದ ರೊಟ್ಟಿಯ ಕವರನ್ನು ನನ್ನ ಕೈಗಿಟ್ಟರು.

“ಮನ್ಯಾಗ ಆರಾಮ ಕುಂತು ತಿನ್ರಿ. ನಾ ಯಾರ ಮುಂದೂ ಹೇಳಂಗಿಲ್ಲ.”

ತಪ್ಪಾತ್ರಿ ಅಕ್ಕಾ ಅನ್ನಬೇಕೆಂದು ಬಾಯಿ ತೆರೆದೆ.

“ಥ್ಯಾಂಕ್ಸ್ ಕಣ್ರೀ,” ಅಂದೆ.