ಗುಂಡಿ ಡಬ್ಬದೊಳಗಿನ ಹೆಸರು

ಸಿದ್ಧ ಉಡುಪಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ಅಂಗಿಗಳಿಗೆ ಗುಂಡಿ ಹೊಲಿದವಳು ಅವಳು. ಅದಕ್ಕೇ ಎಲ್ಲರ ಬಾಯಲ್ಲೂ ಗುಂಡಿಯಕ್ಕ. ಅವಳು ಹೊಲಿದರೆ ಅಂಗಿ ಹರಿದೀತು, ಗುಂಡಿ ಕಿತ್ತುಬರಲಿಕ್ಕಿಲ್ಲ ಎಂದು ಶೆಡ್ಡಿನಲ್ಲಿ ಹೇಳುತ್ತಿದ್ದರು. ಓದಿದ್ದು ನಾಲ್ಕನೆಯ ಕ್ಲಾಸು. ಮಾತು ಕಡಿಮೆ, ಆಡಿದರೆ ಕತ್ತರಿ.

ಗಂಡ ಸತ್ತು ಐದು ತಿಂಗಳಾಗಿತ್ತು. ಮಗ ಹುಟ್ಟಿ ಹದಿನೆಂಟು ದಿನ. ಮಗನಿಗೆ ಇನ್ನೂ ಹೆಸರಿರಲಿಲ್ಲ.

ಮಗುವಿನ ತೂಕ ನೋಡಲು ಬಂದ ದಾದಿ ಕಪಾಟಿನ ಮೇಲಿದ್ದ ಫಾರಂ ಎತ್ತಿಕೊಂಡು ಹುಬ್ಬೇರಿಸಿದಳು.

"ಇನ್ನೂ ಖಾಲಿನೇ ಇದೆಯಲ್ಲ! ಶುಕ್ರವಾರದೊಳಗೆ ಕಚೇರಿಗೆ ಕೊಡ್ಬೇಕು. ತಪ್ಪಿದ್ರೆ ಅಲೆದು ಅಲೆದು ನಿಮ್ಮ ಚಪ್ಪಲಿ ಸವೆಯುತ್ತೆ, ನನ್ನದಲ್ಲ."

"ಖಾಲಿ ಯಾಕಿರುತ್ತೆ? ಹೆಸರು ರೆಡಿ ಇದೆ," ಎಂದಳು ಅತ್ತೆ. "ಅಪ್ಪನ ಹೆಸರೇ. ಇವಳೊಂದು ಹ್ಞೂಂ ಅಂದ್ರೆ ಆಯ್ತು. ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾಳೆ."

ಎದುರುಮನೆಯ ಟೀಚರಮ್ಮ ಆಗಲೇ ಹಾಳೆ ಬಿಡಿಸಿದ್ದರು. "ನಾನು ನಲವತ್ತು ಹೆಸರು ಬರ್ಕೊಂಡು ಬಂದಿದ್ದೀನಿ ನೋಡಿ. ಒಂದಕ್ಕಿಂತ ಒಂದು ಚೆಂದ."

"ನಿಮ್ಮ ಹೆಸರು ಬೇಡ ತಾಯಿ," ಎಂದಳು ಅತ್ತೆ. "ಪೂರ್ತಿ ಕರೆಯೋಷ್ಟರಲ್ಲಿ ಹುಡುಗ ಬೀದಿ ದಾಟಿರ್ತಾನೆ."

ದಾದಿಗೆ ನಗು ತಡೆಯಲಾಗಲಿಲ್ಲ. "ಸದ್ಯಕ್ಕೆ ಏನಂತ ಕರೀತೀರಿ?"

"ನಾನು ಪುಟ್ಟ ಅಂತೀನಿ. ಇವಳು ಏನೂ ಅನ್ನಲ್ಲ. 'ಇದು ಅಳ್ತಿದೆ', 'ಇದಕ್ಕೆ ಹಸಿವಾಗಿದೆ'. ಹೆತ್ತಿದ್ದು ಮಗುನಾ, ಬೆಕ್ಕಿನ ಮರೀನಾ?"

ಗುಂಡಿಯಕ್ಕ ತಲೆ ಎತ್ತಲಿಲ್ಲ. ಮಗುವಿನ ಕಾಲಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಬಟ್ಟೆ ಮೊದಲೇ ಸರಿಯಾಗಿತ್ತು.

ಅವರಿಬ್ಬರೂ ಹೋದ ಮೇಲೆ ಅತ್ತೆ ಪಕ್ಕದಲ್ಲಿ ಬಂದು ಕೂತಳು. ಈಗ ದನಿಯಲ್ಲಿ ಕೊಂಕಿರಲಿಲ್ಲ.

"ಈ ಮನೇಲಿ ನನ್ನ ಮಗನ ಹೆಸರು ಕೂಗಿ ಐದು ತಿಂಗಳಾಯ್ತು ಕಣೇ. ಅಡಿಗೆ ಆದಾಗ ಬಾಯಿಗೆ ಬಂದುಬಿಡುತ್ತೆ. ನುಂಗ್ಕೋತೀನಿ. ಕೂಗಿದ್ರೆ ಓ ಅನ್ನೋರು ಬೇಕಲ್ಲ. ಇಷ್ಟು ಕೇಳೋದೂ ಹೆಚ್ಚಾಯ್ತಾ?"

"ಹೆಚ್ಚೇನಲ್ಲ ಅತ್ತೆ."

"ಮತ್ತೆ?"

ಗುಂಡಿಯಕ್ಕನ ಕಣ್ಣು ಕಪಾಟಿನತ್ತ ಹೋಯಿತು. ಅಲ್ಲಿ ಅವಳ ಗುಂಡಿ ಡಬ್ಬವಿತ್ತು. ಹಳೆಯ ಬಿಸ್ಕತ್ತಿನ ಡಬ್ಬ. ಅದರಲ್ಲಿ ಬಿಳಿ ಗುಂಡಿ, ಕರಿ ಗುಂಡಿ, ನಾಲ್ಕು ತೂತಿನವು, ಎರಡು ತೂತಿನವು. ಎಲ್ಲದರ ಕೆಳಗೆ, ತಳಕ್ಕೆ ಅಂಟಿಕೊಂಡಂತೆ, ಅಂಗೈ ಅಗಲದ ಒಂದು ಕೆಂಪು ತಗಡಿನ ಬಿಲ್ಲೆ. ಬಿಲ್ಲೆಯ ಮೇಲೆ ಬಿಳಿ ಬಣ್ಣದಲ್ಲಿ ಗಂಡನ ಹೆಸರು.

ಆ ಬಿಲ್ಲೆ ಅಲ್ಲಿರುವುದು ಅವಳೊಬ್ಬಳಿಗೇ ಗೊತ್ತಿತ್ತು.

ಗಂಡ ಕೆಲಸ ಮಾಡುತ್ತಿದ್ದುದು ರಟ್ಟಿನ ಕಾರ್ಖಾನೆಯಲ್ಲಿ. ಹಳೆಯ ಕಾಗದವನ್ನು ನೀರಿನಲ್ಲಿ ಅರೆಯುವ ದೊಡ್ಡ ತೊಟ್ಟಿ ಅಲ್ಲಿತ್ತು, ತಳದಲ್ಲಿ ಆಳೆತ್ತರದ ಅಲಗು. ಪ್ರತಿ ಸೋಮವಾರ ತೊಟ್ಟಿ ನಿಲ್ಲಿಸಿ, ಅದರೊಳಗೆ ಇಳಿದು, ಅಲಗಿಗೆ ಸುತ್ತಿಕೊಂಡ ದಾರ, ತಂತಿ ಕಿತ್ತು ತೆಗೆಯುವುದು ಅವನ ಪಾಲಿನ ಕೆಲಸ. ಇಳಿಯುವ ಮುಂಚೆ ತನ್ನ ಬಿಲ್ಲೆಯನ್ನು ಸ್ವಿಚ್ಚಿನ ಕೊಕ್ಕೆಗೆ ನೇತುಹಾಕಬೇಕು. ಬಿಲ್ಲೆ ಇದ್ದರೆ ಆಳು ಒಳಗಿದ್ದಾನೆ. ಇಲ್ಲದಿದ್ದರೆ ಇಲ್ಲ. ಹಾಕಿದವನೇ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಅಲ್ಲಿ ಅದೊಂದು ಕಟ್ಟಳೆಯನ್ನು ಮಾತ್ರ ಮೇಸ್ತ್ರಿಯಿಂದ ಹಿಡಿದು ಗುಡಿಸುವವನವರೆಗೆ ಎಲ್ಲರೂ ಪಾಲಿಸುತ್ತಿದ್ದರು.

ಬಿಲ್ಲೆ ಅವನ ಕೆಲಸದ ಅಂಗಿಯ ಎಡಜೇಬಿನಲ್ಲಿರುತ್ತಿತ್ತು. ಭಾನುವಾರ ಅಂಗಿ ಒಗೆಯುವಾಗ ಅವಳು ಅದನ್ನು ತೆಗೆದು ಅಡಿಗೆಮನೆಯ ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದಳು. ಸೋಮವಾರ ಬೆಳಿಗ್ಗೆ ಒಣಗಿದ ಅಂಗಿಯ ಜೇಬಿಗೆ ಮತ್ತೆ ಹಾಕುತ್ತಿದ್ದಳು. ಒಂಬತ್ತು ವರ್ಷ ಹಾಗೇ ನಡೆದಿತ್ತು. ಅವನು ಒಂದು ದಿನವೂ ಜೇಬು ತಡವಿ ನೋಡಿದವನಲ್ಲ. ಇವಳು ಹಾಕಿರುತ್ತಾಳೆ ಎಂದರೆ ಹಾಕಿರುತ್ತಾಳೆ, ಅಷ್ಟೆ.

ಆ ಸೋಮವಾರ ಇಬ್ಬರಿಗೂ ಜಗಳವಾಗಿತ್ತು. ಅದೂ ಮಗುವಿನ ಹೆಸರಿಗಾಗಿ. ಅವಳಿಗೆ ಆಗ ಐದು ತಿಂಗಳು. ಹಲ್ಲುಜ್ಜುತ್ತಾ ಅವನು ಹೇಳಿದ್ದ: "ಗಂಡಾದ್ರೆ ಉದ್ದಣ್ಣನ ಹೆಸರಿಡೋಣ ಕಣೆ."

ಉದ್ದಣ್ಣ ಎಂದರೆ ತೊಟ್ಟಿಯ ಸ್ವಿಚ್ಚು ನೋಡಿಕೊಳ್ಳುವವನು. ಬಾಗಿಲಲ್ಲಿ ಬಗ್ಗದೆ ಬರಲಾರದಷ್ಟು ಉದ್ದ. ಅವನ ನಿಜವಾದ ಹೆಸರು ಕೇಳಿಬರುತ್ತಿದ್ದುದು ಕಾರ್ಖಾನೆಯಲ್ಲಿ ಹಾಜರಿ ಕೂಗುವಾಗ ಮಾತ್ರ. ಗಂಡನಿಗೆ ಕೆಲಸ ಕಲಿಸಿದವನು ಅವನೇ. ಹೊಸದರಲ್ಲಿ ಇವನ ತೋಳು ಬೆಲ್ಟಿಗೆ ಸಿಕ್ಕಾಗ ಓಡಿಬಂದು ಯಂತ್ರ ನಿಲ್ಲಿಸಿದವನೂ ಅವನೇ.

"ಆ ಕಂಬದ ಹೆಸರು ನನ್ನ ಮಗುವಿಗಾ?" ಎಂದಿದ್ದಳು ಅವಳು. "ನಿಮಗೆ ಹೆಂಡತಿ ಮಕ್ಕಳಿಗಿಂತ ಅವನೇ ಹೆಚ್ಚು. ಅವನ ಮನೇಲೇ ಹೋಗಿ ಇದ್ಬಿಡಿ."

"ಅವನಿಲ್ದಿದ್ರೆ ನನಗೆ ಈ ಕೈ ಇರ್ತಿರ್ಲಿಲ್ಲ."

"ಹಾಗಾದ್ರೆ ಕೈಗೇ ಅವನ ಹೆಸರಿಟ್ಕೊಳ್ಳಿ!"

ಅವನಿಗೆ ನಗು ಬಂತು. ಅವನು ನಕ್ಕಿದ್ದಕ್ಕೇ ಅವಳ ಸಿಟ್ಟು ನೆತ್ತಿಗೇರಿತು. ಅಂಗಿ ತಂದು ಕುರ್ಚಿಯ ಮೇಲೆ ಎಸೆದಳು. ಕಿಟಕಿಯಲ್ಲಿ ಬಿಲ್ಲೆ ಕಾಣುತ್ತಿತ್ತು. ಮರೆತಳು ಎಂದರೆ ಸುಳ್ಳು. ಕಂಡಳು. ಬೇಕಾದರೆ ತಾನೇ ಕೇಳಲಿ ಎಂದುಕೊಂಡಳು. ಕಾರ್ಖಾನೆಗೆ ಹತ್ತು ನಿಮಿಷದ ದಾರಿ. ಪೆಚ್ಚುಮೋರೆ ಹಾಕಿಕೊಂಡು ವಾಪಸು ಬರಲಿ, ಆಗ ಕೊಟ್ಟರಾಯಿತು.

ಅವನು ವಾಪಸು ಬರಲಿಲ್ಲ. ಐದು ನಿಮಿಷದ ಕೆಲಸ ಎಂದುಕೊಂಡನೋ, ಒಂಬತ್ತು ವರ್ಷ ಮರೆಯದವನು ಮರೆತೆ ಎಂದು ಹೇಳಲು ನಾಚಿದನೋ, ಬಿಲ್ಲೆ ಇಲ್ಲದೆ ಇಳಿದ. ಚಹಾ ಕುಡಿದು ಬಂದ ಉದ್ದಣ್ಣ ಕೊಕ್ಕೆ ನೋಡಿದ. ಕೊಕ್ಕೆ ಖಾಲಿ ಇತ್ತು. ಸ್ವಿಚ್ಚು ಹಾಕಿದ.

ಮೂರನೆಯ ದಿನ ಮೇಸ್ತ್ರಿ ಇಬ್ಬರನ್ನು ಕರೆದುಕೊಂಡು ವಿಚಾರಣೆಗೆ ಮನೆಗೆ ಬಂದ. "ಬಿಲ್ಲೆ ಏನಾದ್ರೂ ಮನೇಲಿ ಉಳಿದಿತ್ತೇನಮ್ಮಾ?" ಎಂದು ಮೆಲ್ಲಗೆ ಕೇಳಿದ. ಪಕ್ಕದಲ್ಲಿ ಅತ್ತೆ ಅವಳ ಕೈ ಹಿಡಿದು ಕೂತಿದ್ದಳು. ಬಿಲ್ಲೆ ಆಗಲೇ ಗುಂಡಿ ಡಬ್ಬದ ತಳ ಸೇರಿತ್ತು. ಗುಂಡಿಯಕ್ಕ ತಲೆ ಅಲ್ಲಾಡಿಸಿದಳು. ಇಲ್ಲ.

ಆ ಒಂದು ಸಲ ತಲೆ ಅಲ್ಲಾಡಿಸಿದ್ದೇ ಸಾಕಾಯಿತು. ಒಂಬತ್ತು ವರ್ಷ ತಪ್ಪದೆ ಬಿಲ್ಲೆ ಹಾಕಿದವನು ಅಂದೂ ಹಾಕಿರಲೇಬೇಕು. ಉದ್ದಣ್ಣ ನೋಡದೆ ಒತ್ತಿದ್ದಾನೆ, ಬಿಲ್ಲೆ ಬಿದ್ದು ತೊಟ್ಟಿಯಲ್ಲಿ ಅರೆದುಹೋಗಿದೆ ಎಂದು ಬರೆದುಕೊಂಡರು. ಅವನನ್ನು ಸ್ವಿಚ್ಚಿನಿಂದ ತೆಗೆದು ಅಂಗಳದಲ್ಲಿ ಕಾಗದದ ಮೂಟೆ ಇಳಿಸಲು ಹಾಕಿದರು. ಊಟದ ಹೊತ್ತಿಗೆ ಯಾರೂ ಅವನ ಪಕ್ಕ ಕೂರುತ್ತಿರಲಿಲ್ಲವಂತೆ. ಅತ್ತೆಯೂ ಅವನ ಮನೆಯ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದಳು.

ಗುಂಡಿಯಕ್ಕ ಅದನ್ನೂ ಹೇಗೋ ನುಂಗಿಕೊಂಡಿದ್ದಳು. ನುಂಗಲಾರದ್ದು ದಾದಿ ಬಂದುಹೋದ ಮರುದಿನ, ಬುಧವಾರ ಬಂತು.

ಔಷಧಿ ಅಂಗಡಿಯ ಮುಂದೆ ಉದ್ದಣ್ಣನ ಹೆಂಡತಿ ಸಿಕ್ಕಳು. ತಪ್ಪಿಸಿಕೊಂಡು ಹೋಗಲಿಲ್ಲ. ಹತ್ತಿರ ಬಂದು ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದಳು.

"ಮೂಗು ಅಪ್ಪನದೇ," ಎಂದಳು. "ಹೆಸರೇನಿಟ್ಟೆ?"

"ಇನ್ನೂ ಇಲ್ಲ. ಅಣ್ಣ ಹೇಗಿದ್ದಾರೆ?"

"ಇದ್ದಾರೆ. ಕನ್ನಡಕ ಹಾಕ್ಕೊಂಡಿದ್ದಾರೆ. ಕಣ್ಣಿನ ಡಾಕ್ಟ್ರು ಎರಡು ಸಲ ನೋಡಿ, ಕಣ್ಣು ಚೆನ್ನಾಗಿದೆ ಹೋಗಯ್ಯ ಅಂದ್ರು. ಇವರು ಕೇಳ್ತಾರಾ? 'ನೇತಾಡ್ತಿದ್ದ ಬಿಲ್ಲೇನೇ ನನಗೆ ಕಾಣಿಸ್ಲಿಲ್ಲ, ನನ್ನ ಕಣ್ಣು ನಂಬಬೇಡ' ಅಂತಾರೆ. ಮೊದಲೆಲ್ಲ ಇರ್ಲಿಲ್ಲ, ಇರ್ಲಿಲ್ಲ ಅಂತ ಆಣೆ ಹಾಕ್ತಿದ್ರು. ಈಗ ಇತ್ತೇನೋ ಅಂತಾರೆ. ಮನೆ ದೀಪದ ಸ್ವಿಚ್ಚೂ ಮುಟ್ಟಲ್ಲ. ಎಲ್ಲ ನಾನೇ ಹಾಕ್ಬೇಕು."

ಅವನ ಸ್ವಿಚ್ಚಿನ ಕೆಲಸ ಹೋಗಿದ್ದು ಗುಂಡಿಯಕ್ಕನಿಗೆ ಗೊತ್ತಿತ್ತು. ಅವನ ಕಣ್ಣನ್ನೂ ತಾನೇ ಕಿತ್ತುಕೊಂಡಿರುವುದು ಗೊತ್ತಿರಲಿಲ್ಲ.

ಮನೆಗೆ ಬಂದವಳು ಡಬ್ಬವನ್ನು ನೆಲಕ್ಕೆ ಸುರಿದಳು. ಗುಂಡಿಗಳು ಮಂಚದ ಕೆಳಗೆಲ್ಲ ಉರುಳಿದವು. ಬಿಲ್ಲೆ ಟಣ್ಣೆಂದು ಬಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು.

ಅವಳು ಎಲ್ಲ ಹೇಳಿದಳು. ಜಗಳ, ಕಿಟಕಿ, ಬೇಕಾದರೆ ಕೇಳಲಿ ಎಂದುಕೊಂಡದ್ದು, ಮೇಸ್ತ್ರಿಯ ಮುಂದೆ ತಲೆ ಅಲ್ಲಾಡಿಸಿದ್ದು. ಅಳಲಿಲ್ಲ. ಅತ್ತರೆ ಅತ್ತೆ ಸಮಾಧಾನ ಮಾಡಿಯಾಳು ಎಂದು ಹೆದರಿದಳು.

ಅತ್ತೆ ಸಮಾಧಾನ ಮಾಡಲಿಲ್ಲ. ಕೂಗಾಡಲೂ ಇಲ್ಲ. ಬಿಲ್ಲೆ ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

"ಅವತ್ತು ನಾನು ನಿನ್ನ ಕೈ ಹಿಡ್ಕೊಂಡಿದ್ದೆ."

"ಹೌದು ಅತ್ತೆ."

"ಆ ಉದ್ದದವನಿಗೆ ನಾನು ಹಾಕಿದ ಶಾಪ ಒಂದೆರಡಲ್ಲ." ಬಿಲ್ಲೆಯನ್ನು ಸೊಸೆಯ ಮುಂದಿಟ್ಟಳು. "ಮಗುವಿಗೆ ನನ್ನ ಮಗನ ಹೆಸರು ಬೇಡ. ದಿನಾ ನಿನ್ನ ಬಾಯಲ್ಲಿ ಅದನ್ನ ಕೇಳೋಕೆ ನನ್ನ ಕೈಲಾಗಲ್ಲ."

ಅಂದಿನಿಂದ ಅತ್ತೆ ಅವಳೊಂದಿಗೆ ಮಾತು ಬಿಟ್ಟಳು. ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಮಾತಿಲ್ಲ.

ಗುರುವಾರ ಸಂಜೆ ಗುಂಡಿಯಕ್ಕ ಮಗುವನ್ನು ಎತ್ತಿಕೊಂಡು ಉದ್ದಣ್ಣನ ಮನೆಗೆ ಹೋದಳು. ಅವನು ಆಗಷ್ಟೇ ಬಂದು ಕೈಕಾಲು ತೊಳೆದು ಕೂತಿದ್ದ. ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ. ಇವಳನ್ನು ಕಂಡು ಎದ್ದು ನಿಂತ. ತಲೆ ಬಗ್ಗಿಸಿದ.

"ಕೂತ್ಕೋ ತಾಯಿ. ನಾನೇ ಬರ್ಬೇಕಿತ್ತು. ಮುಖ ಇರ್ಲಿಲ್ಲ."

ಅವಳು ಬಿಲ್ಲೆಯನ್ನು ಅವನ ಮುಂದೆ ಹಿಡಿದಳು. "ಅವತ್ತು ಕೊಕ್ಕೇಲಿ ಏನೂ ಇರ್ಲಿಲ್ಲ ಅಣ್ಣ. ಇದು ನಮ್ಮ ಅಡಿಗೆಮನೆ ಕಿಟಕೀಲಿತ್ತು. ನಾನು ಬೇಕಂತಲೇ ಜೇಬಿಗೆ ಹಾಕ್ಲಿಲ್ಲ. ಆಮೇಲೆ ಸುಳ್ಳು ಹೇಳಿದೆ."

ಉದ್ದಣ್ಣ ಬಿಲ್ಲೆ ತಗೊಂಡು ತಿರುಗಿಸಿ ನೋಡಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ.

"ಇರ್ಲಿಲ್ಲ," ಎಂದ. "ಇರ್ಲಿಲ್ವಾ?"

"ಇರ್ಲಿಲ್ಲ."

"ಐದು ತಿಂಗಳು!" ಅವನು ಒಮ್ಮೆಲೇ ಕಿರುಚಿದ. ಮಗು ಬೆಚ್ಚಿ ಅಳತೊಡಗಿತು. "ಐದು ತಿಂಗಳು ನನ್ನ ಕಣ್ಣು ಮುಚ್ಚಿಲ್ಲ ಕಣಮ್ಮಾ! ಹತ್ತು ನಿಮಿಷದ ದಾರಿ. ಬಂದು ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಅವಳು ಮಗುವಿನ ಬೆನ್ನು ತಟ್ಟುತ್ತಾ ನಿಂತಳು. ಅಳು ನಿಂತ ಮೇಲೆ ಹೇಳಿದಳು: "ಇವನಿಗೆ ನಿಮ್ಮ ಹೆಸರಿಡ್ಬೇಕು ಅಂತಿದ್ದೀನಿ."

"ಯಾಕೆ? ನನ್ನ ಹೆಸರಿಟ್ಟು ಪಾಪ ತೊಳ್ಕೊಳ್ಳೋಕಾ?"

"ಅಲ್ಲ. ಅವರಿಗೆ ಆಸೆ ಇತ್ತು. ಆ ಬೆಳಿಗ್ಗೆ ಜಗಳ ಆಗಿದ್ದೇ ಅದಕ್ಕೆ. ನಾನು ಬೇಡ ಅಂದೆ. ಕಂಬ ಅಂದೆ ನಿಮಗೆ."

ಅವನು ಗೋಡೆಗೆ ತಿರುಗಿದ. ಹೆಂಡತಿ ನೀರು ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ನಾಳೆ ಬೆಳಿಗ್ಗೆ ಫ್ಯಾಕ್ಟ್ರಿಗೆ ಬಾ," ಎಂದ ಗೋಡೆ ನೋಡುತ್ತಲೇ. "ಈಗ ನನಗೆ ಹೇಳಿದ್ದನ್ನ ಮೇಸ್ತ್ರಿಗೆ ಹೇಳು. ಎಲ್ಲರೂ ಇರ್ವಾಗ ಹೇಳು. ಹೆಸರಿನ ಮಾತು ಆಮೇಲೆ."

ಶುಕ್ರವಾರ ಹಾಜರಿಯ ಹೊತ್ತಿಗೆ ಅವಳು ಕಾರ್ಖಾನೆಯ ಗೇಟಿನೊಳಗೆ ನಿಂತಿದ್ದಳು. ಒದ್ದೆ ಕಾಗದದ ವಾಸನೆ. ಗಂಡನ ಅಂಗಿಯಲ್ಲಿ ಒಂಬತ್ತು ವರ್ಷ ಒಗೆದರೂ ಹೋಗದಿದ್ದ ವಾಸನೆ. ನಲವತ್ತು ಜನರ ಮುಂದೆ ಬಿಲ್ಲೆಯನ್ನು ಮೇಸ್ತ್ರಿಯ ಮೇಜಿನ ಮೇಲಿಟ್ಟು ಹೇಳಿದಳು. ಗಟ್ಟಿಯಾಗಿ ಹೇಳಬೇಕೆಂದು ಬಂದವಳ ದನಿ ಮಧ್ಯದಲ್ಲಿ ಒಡೆಯಿತು. ಹಿಂದಿದ್ದವನೊಬ್ಬ, "ಕೇಳಿಸ್ತಿಲ್ಲ," ಎಂದ. ಮೊದಲಿನಿಂದ ಮತ್ತೊಮ್ಮೆ ಹೇಳಿದಳು.

"ಎಂಥ ಹೆಂಗಸಪ್ಪಾ," ಎಂದರು ಯಾರೋ. ಅವಳು ತಿರುಗಿ ನೋಡಲಿಲ್ಲ. ಕೇಳಿಸಿಕೊಂಡಳು. ಮೇಸ್ತ್ರಿ ಎಲ್ಲ ಬರೆದುಕೊಂಡು ಅವಳ ಸಹಿ ಹಾಕಿಸಿಕೊಂಡ. ಬಿಲ್ಲೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಜನ ಚದುರಿದರು. ಇಬ್ಬರು ಹೋಗಿ ಉದ್ದಣ್ಣನ ಭುಜ ಮುಟ್ಟಿದರು. ಅವನು ಮುಟ್ಟಿಸಿಕೊಂಡ, ನಗಲಿಲ್ಲ. ಅವಳ ಪಕ್ಕದಿಂದ ಹಾದುಹೋಗುವಾಗ ಒಂದು ಗಳಿಗೆ ನಿಂತ. ಅವಳ ಮುಖ ನೋಡಲಿಲ್ಲ, ಮಗುವಿನ ಮುಖ ನೋಡಿದ.

"ಹಾಜರಿ ಕೂಗೋ ಹೆಸರು ಬರೆಸು," ಎಂದ. "ಎಲ್ಲಾದ್ರೂ ಉದ್ದಣ್ಣ ಅಂತ ಬರೆಸ್ಬಿಟ್ಟೀಯ."

ಅಷ್ಟು ಹೇಳಿ ಅಂಗಳಕ್ಕೆ ಹೋದ.

ಕಚೇರಿಯಲ್ಲಿ ಗುಮಾಸ್ತ ಪೆನ್ನು ಹಿಡಿದು, "ಮಗುವಿನ ಹೆಸರು?" ಎಂದ. ಹೇಳಿದಳು. "ತಂದೆ ಹೆಸರು?" ಎಂದ. ಅವಳು ಮಗುವಿನ ಬಟ್ಟೆ ಸರಿಮಾಡಿದಳು. ಅವನು ತಲೆ ಎತ್ತಿ ಮತ್ತೆ ಕೇಳಿದ. ಹೇಳಿದಳು. ಒಂದರ ಕೆಳಗೆ ಒಂದು, ಎರಡೂ ಹೆಸರು ಫಾರಮಿನಲ್ಲಿ ಕೂತವು. ಅವನು ಠಸ್ಸೆ ಒತ್ತಿ, ಹೆಸರಿನ ಚೀಟಿ ಕೊಟ್ಟು ಮುಂದಿನವರನ್ನು ಕರೆದ.

ಮನೆಯಲ್ಲಿ ಚೀಟಿಯನ್ನು ಕಪಾಟಿನ ಮೇಲೆ, ಅತ್ತೆಗೆ ಕಾಣುವ ಹಾಗೆ ಇಟ್ಟಳು. ಅತ್ತೆ ಏನೂ ಕೇಳಲಿಲ್ಲ. ಆ ದಿನ ಹೋಯಿತು, ಮರುದಿನವೂ ಹೋಯಿತು. ಗುಂಡಿಯಕ್ಕ ಮಂಚದ ಕೆಳಗಿನ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿದಳು. ಕೆಲವು ಸಿಗಲೇ ಇಲ್ಲ. ಅಡಿಗೆಮನೆಗೆ ಹೋದಾಗಲೆಲ್ಲ ಕಿಟಕಿಯ ಸರಳಿನ ಮೇಲೆ ಬಿಲ್ಲೆ ಉಜ್ಜಿ ಬಣ್ಣ ಹೋದ ಜಾಗ ಕಾಣುತ್ತಿತ್ತು. ಅದಕ್ಕೆ ಬಣ್ಣ ಹಚ್ಚಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒಳಗಿನಿಂದ ಅತ್ತೆ ಗಟ್ಟಿಯಾಗಿ ಯಾರನ್ನೋ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಗುಂಡಿಯಕ್ಕ ಕೈಯಲ್ಲಿದ್ದ ಬಟ್ಟೆ ಬಿಟ್ಟಳು. ಉದ್ದಣ್ಣನ ಹಾಜರಿಯ ಹೆಸರು ಅದು.

"ಏಯ್, ಕೇಳಿಸ್ತಾ ಮರಿ? ನಿನ್ನಮ್ಮನಿಗೆ ಹೇಳು, ಒಲೆ ಮೇಲೆ ಹಾಲಿಟ್ಟು ಹೋಗಿದ್ದಾಳೆ, ಉಕ್ತಾ ಇದೆ ಅಂತ."

ಗುಂಡಿಯಕ್ಕ ಒದ್ದೆ ಕೈಯಲ್ಲೇ ಓಡಿದಳು.